ಅಳತೆ ಪುಸ್ತಕ

ಹುಲಿಗುಂಡಿ ಹಳ್ಳದ ನಟ್ಟನಡುವೆ ಒಂದು ಗೆರೆ ಇದೆ.
ನೀರಿನ ಮೇಲೆ ಹುಡುಕಬೇಡಿ, ನಕ್ಷೆಯಲ್ಲಿದೆ:
ಒಂದು ಗೀಟು, ಒಂದು ಚುಕ್ಕಿ, ಮತ್ತೊಂದು ಗೀಟು.
ಈಚೆ ಹಾಸನ, ಆಚೆ ಚಿಕ್ಕಮಗಳೂರು.
ಚುಕ್ಕಿ ಯಾರದೆಂದು
ಇಪ್ಪತ್ತೆಂಟು ವರ್ಷ ವರ್ಕ್ ಇನ್‌ಸ್ಪೆಕ್ಟರಾಗಿದ್ದ
ನನಗೂ ಗೊತ್ತಿಲ್ಲ.

ಸೇತುವೆ ಒಂದೇ. ಅಂದಾಜು ಪಟ್ಟಿ ಎರಡು,
ಟೆಂಡರು ಎರಡು, ಗುದ್ದಲಿ ಪೂಜೆ ಎರಡು.
ನಮಗೆ ದುಡ್ಡು ಬಂದಾಗ ಅವರಿಗೆ ಬರಲಿಲ್ಲ,
ಅವರಿಗೆ ಬಂದಾಗ ನಮ್ಮಲ್ಲಿ ಮಾರ್ಚ್ ಮುಗಿದಿತ್ತು.
ನಮ್ಮ ಕಂಬ ಅವರ ಕಂಬವನ್ನು
ಮಾತು ಬಿಟ್ಟ ಬೀಗರ ಹಾಗೆ
ನೋಡಿಯೂ ನೋಡದಂತೆ ನಿಂತಿತ್ತು.
ಎರಡೂ ಬದಿಯಿಂದ ಚಾಚಿದ ಸರಳಿಗೆ ತುಕ್ಕು.
ನಡುವೆ ಹನ್ನೊಂದಡಿ.

ತಿಂಗಳಿಗೊಮ್ಮೆ ಪ್ರಗತಿ ವರದಿ,
ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ.
ನಾನು ಬರೆಯುತ್ತಿದ್ದೆ: ಶೇಕಡಾ ಅರವತ್ತೆರಡು.
ಆಚೆ ದಡದಲ್ಲಿ ನನ್ನಂಥವನೇ ಒಬ್ಬ, ಶಾಂತವೀರಯ್ಯ,
ಬರೆಯುತ್ತಿದ್ದ: ಮೂವತ್ತೆಂಟು.
ಸಂಜೆ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು,
ಕಾಲು ಇಳಿಬಿಟ್ಟು ಕೂಗಿ ಮಾತಾಡುತ್ತಿದ್ದೆವು.
"ಬಿಡುಗಡೆ ಆಯ್ತೇನಯ್ಯಾ?"
"ಕಡತ ಹೋಗೈತೆ. ನಿಮ್ದು?"
"ಷರಾ ಬರ್ದು ವಾಪಸ್ ಕಳ್ಸವ್ರೆ."
ಬೆಂಕಿಪೊಟ್ಟಣ ಎಸೆದರೆ ಹಿಡಿಯುತ್ತಿದ್ದ.
ಒಂದು ಸಲ ಕೈತಪ್ಪಿ ಹಳ್ಳಕ್ಕೆ ಬಿತ್ತು,
ಅವತ್ತು ಎರಡೂ ಜಿಲ್ಲೆಯಲ್ಲಿ ಬೀಡಿ ಹೊತ್ತಲಿಲ್ಲ.

ಬೆಂಗಳೂರಿನಲ್ಲಿ ಯಾರೋ ಒಬ್ಬರು
(ಅವರ ತಪ್ಪೇನಿಲ್ಲ, ಕೂಡುವ ಲೆಕ್ಕ ಕಲಿತವರು)
ಎರಡೂ ವರದಿ ಒಂದೇ ಮೇಜಿನ ಮೇಲಿಟ್ಟು
ಅರವತ್ತೆರಡಕ್ಕೆ ಮೂವತ್ತೆಂಟು ಕೂಡಿಸಿದರು.
ನೂರು.
ಕಾಮಗಾರಿ ಪೂರ್ಣ ಎಂದು ಮೊಹರು ಬಿತ್ತು.
ಇನ್ನು ಅನುದಾನವಿಲ್ಲ, ನಿರ್ವಹಣೆ ಮಾತ್ರ:
ವರ್ಷಕ್ಕಿಷ್ಟು, ಸುಣ್ಣ ಬಳಿಯಲು.

ಬಳಿದೆವು.
ಅವರ ಅರ್ಧಕ್ಕೆ ಅವರು, ನಮ್ಮ ಅರ್ಧಕ್ಕೆ ನಾವು.
ಹನ್ನೊಂದಡಿಗೆ
ಬಳಿಯಲು ಏನೂ ಇರಲಿಲ್ಲ.

ಸೆಂಟ್ರಿಂಗ್ ಫಕ್ರುದ್ದೀನ್‌ಗೆ ಏಳು ತಿಂಗಳ ಬಿಲ್ಲು ಬಾಕಿ.
ಹೊರಡುವ ದಿನ ಹಲಗೆಗಳನ್ನೆಲ್ಲ ಲಾರಿಗೆ ತುಂಬಿದ,
ಎರಡನ್ನು ಬಿಟ್ಟ.
"ಮರೆತೆಯಲ್ಲೋ" ಅಂದೆ.
"ಮರ್ತಿಲ್ಲ ಸಾರ್" ಅಂದ.
ಆಮೇಲೆ ಟಾರ್ಪಾಲಿನ ಹಗ್ಗ ಬಿಗಿಯತೊಡಗಿದ.

ಮೊದಲು ದಾಟಿದ್ದು ಒಂದು ಮೇಕೆ.
ಆಮೇಲೆ ಕ್ಯಾನು ಹೊತ್ತ ದ್ಯಾವೀರಮ್ಮ.
ಅವಳ ಎಮ್ಮೆ ಚಿಕ್ಕಮಗಳೂರಿನದು, ಹಾಲು ಹಾಸನದ ಡೈರಿಗೆ;
ಡಿಗ್ರಿ ನೋಡುವವನ ಗಾಜಿನ ಕೊಳವೆಗೆ
ಜಿಲ್ಲೆ ಕಾಣಲಿಲ್ಲ.
ಆಮೇಲೆ ಲಸಿಕೆಯ ನೀಲಿ ಡಬ್ಬ ತೂಗುಹಾಕಿಕೊಂಡ
ಸಿಸ್ಟರ್ ಅಪೊಲಿನ್.
ನಡುವೆ ನಿಂತು ಕೇಳಿದರು,
"ಈಗ ನಾನ್ಯಾವ ಜಿಲ್ಲೆ, ಹೇಳಿ ನೋಡೋಣ?"
"ಚುಕ್ಕಿ" ಅಂದೆ.
ಅರ್ಥವಾಗದೆ ನಕ್ಕರು. ಹಲಗೆ ತುಸು ಬಾಗಿ
ಅವರು ಇಳಿದ ಮೇಲೆ ನೆಟ್ಟಗಾಯಿತು.

ನಿವೃತ್ತಿಯ ಹಿಂದಿನ ಸಂಜೆ ಟೇಪು ತೆಗೆದೆ.
ಸೊನ್ನೆಯ ತುದಿಯನ್ನು ಶಾಂತವೀರಯ್ಯ ಹಿಡಿದ.
ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದೆ:
ಹಲಗೆ, ಎರಡು. ಉದ್ದ ಹದಿಮೂರಡಿ, ಅಗಲ ಒಂದು,
ದಪ್ಪ ಎರಡಂಗುಲ. ದರ: ಖಾಲಿ.
ನಾನು ಸಹಿ ಹಾಕಿದೆ. ನಿಯಮವಿಲ್ಲ,
ಆದರೂ ಪಕ್ಕದಲ್ಲಿ ಅವನೂ ಹಾಕಿದ.

ಮೊನ್ನೆ ಮನೆಗೆ ಆಡಿಟ್ಟಿನ ಆಕ್ಷೇಪಣೆ ಬಂದಿದೆ:
ಸದರಿ ಹಲಗೆಗಳು ಯಾವ ಲೆಕ್ಕಶೀರ್ಷಿಕೆಗೆ ಸೇರಿದವು?
ಯಾರ ಆದೇಶ? ಹದಿನೈದು ದಿನದೊಳಗೆ
ವಿವರಣೆ ನೀಡತಕ್ಕದ್ದು.

ಇನ್ನೂ ಉತ್ತರ ಬರೆದಿಲ್ಲ.
ಎಡಗಡೆಯ ಹಲಗೆ ತುದಿಯಲ್ಲಿ ಮೆತ್ತಗಾಗಿದೆ,
ಮೊದಲು ಅದನ್ನು ಬದಲಿಸಬೇಕು.
ಅವನ ಕಡೆ ಒಂದು ಸಿಲ್ವರ್ ಮರ ಕೊಯ್ದಿದ್ದಾರಂತೆ,
ಭಾನುವಾರ ಬಾ ಅಂದಿದ್ದಾನೆ,
ಗರಗಸದ ಒಂದು ಹಿಡಿ ನಿನ್ನದು ಅಂತ.